ಒಂದು ಕೋಣೆಯ ಶಾಲೆ

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿ ಟೆಕ್ಸಾಸ್ ಎಂಬ ವಿಶಾಲವಾದ ರಾಜ್ಯವಿದೆ. ಅದರ ನಡುಭಾಗದಲ್ಲಿ ಸುಣ್ಣಕಲ್ಲಿನ ಗುಡ್ಡಗಳ ಸಾಲು. ಆ ಗುಡ್ಡಗಳ ನಡುವೆ ಬಳಸಿ ಬಳಸಿ ಹರಿಯುವ ಪೆಡರ್ನೇಲ್ಸ್ ಎಂಬ ಚಿಕ್ಕ ನದಿ. ಆ ಹೊಳೆಯ ದಡದ ನೆಲವನ್ನು ನಂಬಿ ಕೆಲವು ರೈತ ಕುಟುಂಬಗಳು ಅಲ್ಲಿ ಬಾಳುತ್ತಿದ್ದವು. ಅವರಲ್ಲಿ ಹಲವರು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯಿಂದ ವಲಸೆ ಬಂದವರ ಮಕ್ಕಳು, ಮೊಮ್ಮಕ್ಕಳು. ಸ್ಟೋನ್‌ವಾಲ್ ಎಂಬ ಹಳ್ಳಿಯ ಸಮೀಪದಲ್ಲಿ 1910ರಲ್ಲಿ ಈ ರೈತರ ಮಕ್ಕಳಿಗಾಗಿ ಒಂದು ಶಾಲೆಯ ಕಟ್ಟಡವೆದ್ದಿತು. ಅದರ ಹೆಸರು ಜಂಕ್ಷನ್ ಶಾಲೆ. ಇದ್ದುದು ಒಂದೇ ಕೋಣೆ. ಆ ಒಂದು ಕೋಣೆಯಲ್ಲಿ ಎಂಟು ತರಗತಿಗಳು. ಎಂಟು ತರಗತಿಗಳಿಗೂ ಒಬ್ಬರೇ ಉಪಾಧ್ಯಾಯರು.

ಅರಮನೆಗಳಿಗೂ ಕೋಟೆಕೊತ್ತಲಗಳಿಗೂ ಚರಿತ್ರೆಯಿರುತ್ತದೆ. ಹಳ್ಳಿಯ ಮೂಲೆಯ ಪುಟ್ಟ ಶಾಲೆಗೆ ಎಂಥ ಚರಿತ್ರೆ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಒಂದು ನಾಡಿನ ಜನ ತಮ್ಮ ಮಕ್ಕಳಿಗೆ ವಿದ್ಯೆ ಕೊಡಲು ಎಷ್ಟು ಪಾಡುಪಟ್ಟರು, ಎಲ್ಲಿ ಗೆದ್ದರು, ಎಲ್ಲಿ ಎಡವಿದರು ಎಂಬುದನ್ನು ತಿಳಿಯಬೇಕಾದರೆ ಅರಮನೆಗಳಿಗಿಂತ ಇಂಥ ಶಾಲೆಗಳೇ ಹೆಚ್ಚಿನ ಸಾಕ್ಷ್ಯ ನುಡಿಯುತ್ತವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಂಕ್ಷನ್ ಶಾಲೆಯಂಥ ಒಂದು ಕೋಣೆಯ ಶಾಲೆಗಳು ಅಮೆರಿಕದ ಹಳ್ಳಿಗಾಡಿನಲ್ಲೆಲ್ಲ ಹರಡಿದ್ದವು. ಅವುಗಳ ಸಂಖ್ಯೆ ಒಂದೂವರೆ ಲಕ್ಷವನ್ನೂ ಮೀರಿತ್ತು. ಅವು ಹುಟ್ಟಿದ ಬಗೆಯನ್ನು ಅರಿಯಲು ಇನ್ನೂ ಎರಡೂವರೆ ಶತಮಾನಗಳಷ್ಟು ಹಿಂದಕ್ಕೆ ಹೋಗಬೇಕು.

ಅಮೆರಿಕದ ಪೂರ್ವ ತೀರದ ಮ್ಯಾಸಚೂಸೆಟ್ಸ್ ಪ್ರಾಂತವು ಇಂಗ್ಲೆಂಡಿನ ವಸಾಹತಾಗಿದ್ದಾಗ, 1647ರಲ್ಲಿ, ಅಲ್ಲಿ ಒಂದು ಶಾಸನ ಜಾರಿಗೆ ಬಂದಿತು. ಐವತ್ತು ಮನೆಗಳಿರುವ ಪ್ರತಿಯೊಂದು ಊರೂ ಮಕ್ಕಳಿಗೆ ಓದುಬರಹ ಕಲಿಸಲು ಒಬ್ಬ ಉಪಾಧ್ಯಾಯನನ್ನು ನೇಮಿಸಿಕೊಳ್ಳಬೇಕೆಂದು ಅದು ವಿಧಿಸಿತು. ಪ್ರತಿಯೊಬ್ಬನೂ ಧರ್ಮಗ್ರಂಥವನ್ನು ತಾನೇ ಓದಿ ತಿಳಿಯುವಂತಾಗಬೇಕೆಂಬುದು ಆ ಜನರ ಆಶಯವಾಗಿತ್ತು. ಕಾಲ ಕಳೆದಂತೆ ಜನಸಂಖ್ಯೆ ಬೆಳೆಯಿತು. ಊರ ನಡುವೆ ಇದ್ದ ಕುಟುಂಬಗಳು ದೂರದೂರದ ಹೊಲಗಳಿಗೆ ಚದರಿ ನೆಲಸಿದವು. ಎಳೆಯ ಮಕ್ಕಳು ಹಿಮ ಬೀಳುವ ಕಾಲದಲ್ಲಿ ಮೈಲಿಗಟ್ಟಲೆ ನಡೆದು ಊರ ನಡುವಿನ ಶಾಲೆಗೆ ಬರುವುದು ಸಾಧ್ಯವಿರಲಿಲ್ಲ. ಆದ್ದರಿಂದ ಊರಿನ ಎಲ್ಲೆಯನ್ನು ಸಣ್ಣ ಸಣ್ಣ ಶಾಲಾ ವಲಯಗಳಾಗಿ ವಿಂಗಡಿಸಿ, ಒಂದೊಂದು ವಲಯಕ್ಕೆ ಒಂದೊಂದು ಶಾಲೆಯನ್ನು ಕಟ್ಟಿಕೊಳ್ಳುವ ಪದ್ಧತಿ ಬೆಳೆಯಿತು. 1789ರ ಕಾನೂನು ಈ ಪದ್ಧತಿಗೆ ಅಧಿಕೃತವಾದ ಒಪ್ಪಿಗೆಯನ್ನು ನೀಡಿತು. ಅಲ್ಲಿನ ಹಳೆಯ ಶಾಲಾ ವಲಯವೆಂದರೆ ಕರ್ನಾಟಕದ ತಾಲ್ಲೂಕು ಜಿಲ್ಲೆಗಳಂಥ ದೊಡ್ಡ ಪ್ರದೇಶವಲ್ಲ. ಒಂದು ಮಗು ಬೆಳಗ್ಗೆ ಮನೆಯಿಂದ ಹೊರಟು ನಡೆದು ಹೋಗಿ ಸಂಜೆ ಮರಳಬಹುದಾದಷ್ಟು ನೆಲ, ಅಷ್ಟೆ.

ಸ್ವಾತಂತ್ರ್ಯ ಬಂದ ಮೇಲೆ ಜನರು ಪಶ್ಚಿಮದ ಹೊಸ ಭೂಮಿಗೆ ವಲಸೆ ಹೋಗತೊಡಗಿದರು. ಆ ಭೂಮಿಯನ್ನು ಅಳೆದು ಹಂಚಲು 1785ರಲ್ಲಿ ಮಾಡಿದ ವಿಧಿಯಲ್ಲಿ ಒಂದು ಮಹತ್ವದ ಮಾತು ಸೇರಿತ್ತು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಒಂದೊಂದು ಪ್ರದೇಶವನ್ನು ಮೂವತ್ತಾರು ಸಮಭಾಗಗಳಾಗಿ ಮಾಡಬೇಕು; ಅವುಗಳಲ್ಲಿ ಹದಿನಾರನೆಯ ಭಾಗವನ್ನು, ಎಂದರೆ 640 ಎಕರೆ ನೆಲವನ್ನು, ಸಾರ್ವಜನಿಕ ಶಾಲೆಗಳಿಗಾಗಿ ಮೀಸಲಿಡಬೇಕು. ಹೊಸ ಊರುಗಳು ಹುಟ್ಟುವುದಕ್ಕೆ ಮೊದಲೇ ಅಲ್ಲಿನ ಶಾಲೆಗೆ ಒಂದು ಪಾಲು ಗೊತ್ತಾಗಿದ್ದಿತು. ಆದರೆ ನೆಲವಿದ್ದ ಮಾತ್ರಕ್ಕೆ ಶಾಲೆ ಏಳುವುದಿಲ್ಲ. ಎಷ್ಟೋ ಕಡೆ ಆ ನೆಲದಿಂದ ಬರುವ ಆದಾಯ ಅತ್ಯಲ್ಪವಾಗಿತ್ತು. ಉಳಿದುದನ್ನು ಊರವರೇ ಹೊಂದಿಸಬೇಕಾಗಿತ್ತು.

ಊರವರು ಹೊಂದಿಸಿದರು. ಒಬ್ಬ ರೈತ ತನ್ನ ಹೊಲದ ಒಂದು ಮೂಲೆಯನ್ನು ಬಿಟ್ಟುಕೊಟ್ಟನು. ಇನ್ನೊಬ್ಬನು ಮರ ಕಡಿದು ತಂದನು. ಬಡಗಿಯ ಕೆಲಸ ಬಲ್ಲವನು ಬಾಗಿಲು ಕಿಟಕಿಗಳನ್ನು ಮಾಡಿ ನಿಲ್ಲಿಸಿದನು. ಮರವಿಲ್ಲದ ಬಯಲುಸೀಮೆಯಲ್ಲಿ ಹುಲ್ಲಿನ ಬೇರು ಹೆಣೆದ ಮಣ್ಣಿನ ಹೆಂಟೆಗಳನ್ನೇ ಕತ್ತರಿಸಿ ಗೋಡೆ ಕಟ್ಟಿದ ಶಾಲೆಗಳೂ ಇದ್ದವು. ವಲಯದ ಜನ ಸೇರಿ ತಮ್ಮಲ್ಲೇ ಕೆಲವರನ್ನು ಶಾಲೆಯ ಧರ್ಮದರ್ಶಿಗಳನ್ನಾಗಿ ಆರಿಸುತ್ತಿದ್ದರು. ಉಪಾಧ್ಯಾಯರನ್ನು ನೇಮಿಸುವವರು ಅವರು. ತೆರಿಗೆ ಎಷ್ಟೆಂದು ಗೊತ್ತುಮಾಡುವವರು ಊರಿನ ಜನ. ಚಳಿಗಾಲಕ್ಕೆ ಬೇಕಾದ ಸೌದೆಯನ್ನು ಮನೆಗಿಷ್ಟೆಂದು ತಂದು ಹಾಕುತ್ತಿದ್ದರು. ಉಪಾಧ್ಯಾಯರ ಸಂಬಳ ಸ್ವಲ್ಪವೇ. ಅದರ ಕೊರತೆಯನ್ನು ತುಂಬಲು ಅವರಿಗೆ ಊಟ ವಸತಿಗಳನ್ನು ವಾರಾನ್ನದ ಹಾಗೆ ಒಂದೊಂದು ಮನೆಯವರು ಸರದಿಯ ಮೇಲೆ ಒದಗಿಸುವ ವಾಡಿಕೆ ಬಹಳ ಕಡೆ ಇದ್ದಿತು.

ಅಂಥ ಶಾಲೆಯ ಒಂದು ದಿನ ಹೇಗೆ ಸಾಗುತ್ತಿತ್ತು ಎಂಬುದನ್ನು ಊಹಿಸಿಕೊಳ್ಳಬಹುದು. ಉಪಾಧ್ಯಾಯಿನಿ ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆದು, ಕಸ ಗುಡಿಸಿ, ಕೋಣೆಯಲ್ಲಿದ್ದ ಕಬ್ಬಿಣದ ಒಲೆಗೆ ಬೆಂಕಿ ಹಾಕಬೇಕು. ಎಷ್ಟೋ ವೇಳೆ ಆಕೆಗೆ ಹದಿನೇಳು ಹದಿನೆಂಟು ವರ್ಷಗಳಿಗಿಂತ ಹೆಚ್ಚು ವಯಸ್ಸಾಗಿರುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗರು ಕೆಲವರು ಆಕೆಗಿಂತ ಎತ್ತರವಾಗಿರುತ್ತಿದ್ದರು. ಗಂಟೆ ಬಾರಿಸಿದೊಡನೆ ಮಕ್ಕಳು ಒಳಗೆ ಬರುವರು. ಊಟದ ಡಬ್ಬಿಗಳು ಒಂದು ಮೂಲೆಯಲ್ಲಿ, ಕುಡಿಯುವ ನೀರಿನ ಬಕೀಟು ಇನ್ನೊಂದು ಮೂಲೆಯಲ್ಲಿ. ಬಾವಿಯಿಂದ ನೀರು ತರುವುದು, ಸೌದೆ ಒಳಗೆ ತಂದಿಡುವುದು ಮಕ್ಕಳ ಸರದಿಯ ಕೆಲಸ. ಚಳಿಗಾಲದಲ್ಲಿ ಒಲೆಯ ಬಳಿ ಕುಳಿತವರು ಬೆವರುತ್ತಿದ್ದರು. ಕಿಟಕಿಯ ಬಳಿ ಕುಳಿತವರು ನಡುಗುತ್ತಿದ್ದರು.

ಎಂಟು ತರಗತಿಗಳಿಗೆ ಒಬ್ಬರೇ ಪಾಠ ಹೇಳುವ ಬಗೆ ಹೀಗೆ: ಕೋಣೆಯ ಮುಂಭಾಗದಲ್ಲಿ ಒಂದು ಉದ್ದನೆಯ ಬೆಂಚು ಇರುತ್ತಿತ್ತು. ಉಪಾಧ್ಯಾಯಿನಿ ಒಂದೊಂದು ತರಗತಿಯ ಮಕ್ಕಳನ್ನೂ ಸರದಿಯಂತೆ ಆ ಬೆಂಚಿಗೆ ಕರೆದು ಪಾಠ ಒಪ್ಪಿಸಿಕೊಳ್ಳುವಳು. ಒಂದು ತರಗತಿಗೆ ಸಿಗುತ್ತಿದ್ದುದು ಹತ್ತು ಹದಿನೈದು ನಿಮಿಷಗಳು. ಅಷ್ಟರಲ್ಲಿ ಉಳಿದವರು ತಮ್ಮ ತಮ್ಮ ಸ್ಥಳಗಳಲ್ಲಿ ಸ್ಲೇಟಿನ ಮೇಲೆ ಲೆಕ್ಕ ಮಾಡುತ್ತಲೋ, ಕಾಪಿ ಬರೆಯುತ್ತಲೋ, ಓದುತ್ತಲೋ ಇರಬೇಕು. ದೊಡ್ಡ ಹುಡುಗಿಯರು ಸಣ್ಣವರಿಗೆ ಅಕ್ಷರ ತಿದ್ದಿಸುವರು. ಒಂದನೆಯ ತರಗತಿಯ ಮಗು ಎಂಟನೆಯ ತರಗತಿಯ ಭೂಗೋಳ ಪಾಠವನ್ನು ಕೇಳುತ್ತ ಕುಳಿತಿರುವುದು. ವರ್ಷವರ್ಷವೂ ಕೇಳಿ ಕೇಳಿ, ತನ್ನ ಸರದಿ ಬರುವ ಹೊತ್ತಿಗೆ ಅದಕ್ಕೆ ಅರ್ಧ ಪಾಠ ಬಂದೇ ಇರುವುದು. ನೋವಾ ವೆಬ್‌ಸ್ಟರ್ ಎಂಬ ವಿದ್ವಾಂಸನು 1783ರಲ್ಲಿ ಪ್ರಕಟಿಸಿದ, ನೀಲಿ ರಟ್ಟಿನ ಕಾಗುಣಿತದ ಪುಸ್ತಕವೂ, 1836ರಿಂದ ಹೊರಬರತೊಡಗಿದ ಮಗಫಿಯ ವಾಚಕಗಳೂ ಅಂಥ ಶಾಲೆಗಳಲ್ಲಿ ತಲೆಮಾರುಗಳ ಕಾಲ ನಡೆದವು. ಅಣ್ಣ ಓದಿದ ಪುಸ್ತಕವನ್ನೇ ತಮ್ಮನೂ, ತಮ್ಮನ ತರುವಾಯ ತಂಗಿಯೂ ಓದುತ್ತಿದ್ದರು.

ಸಂಜೆಯಾದ ಮೇಲೂ ಆ ಕೋಣೆ ಬರಿದಾಗಿ ಉಳಿಯುತ್ತಿರಲಿಲ್ಲ. ಊರಿನ ಸಭೆ, ಮತದಾನ, ಭಾನುವಾರದ ಪ್ರಾರ್ಥನೆ, ಹಾಡು, ಕಾಗುಣಿತದ ಸ್ಪರ್ಧೆ ಎಲ್ಲವೂ ಅಲ್ಲಿಯೇ. ಚದರಿಹೋದ ಹೊಲಮನೆಗಳ ಜನ ಒಂದೆಡೆ ಕೂಡುವ ಸ್ಥಳ ಅದೊಂದೇ ಆಗಿದ್ದಿತು. ಊರೇ ಶಾಲೆಯನ್ನು ಕಟ್ಟಿತು ಎಂಬುದು ನಿಜ. ಶಾಲೆಯೂ ಊರನ್ನು ಕಟ್ಟಿತು ಎಂಬುದೂ ಅಷ್ಟೇ ನಿಜ.

ಆದರೆ ಊರಿನ ಕೈಯಲ್ಲಿದ್ದುದೇ ಈ ಶಾಲೆಯ ಬಲವಾದಂತೆ ಅದರ ದೌರ್ಬಲ್ಯವೂ ಆಯಿತು. ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಹೊರೇಸ್ ಮ್ಯಾನ್ ಪ್ರಮುಖರು. 1796ರಲ್ಲಿ ಮ್ಯಾಸಚೂಸೆಟ್ಸಿನ ಫ್ರಾಂಕ್ಲಿನ್ ಎಂಬ ಊರಿನ ಬಡ ಬೇಸಾಯದ ಮನೆಯಲ್ಲಿ ಹುಟ್ಟಿದ ಅವರಿಗೆ ಬಾಲ್ಯದಲ್ಲಿ ವರ್ಷಕ್ಕೆ ಕೆಲವೇ ವಾರಗಳ ಶಾಲೆ ದೊರೆತಿತ್ತು. 1837ರಲ್ಲಿ ಅವರು ಆ ರಾಜ್ಯದ ಶಿಕ್ಷಣ ಮಂಡಲಿಯ ಮೊದಲ ಕಾರ್ಯದರ್ಶಿಗಳಾದರು. ಊರೂರು ತಿರುಗಿ ಶಾಲೆಗಳನ್ನು ಕಣ್ಣಾರೆ ಕಂಡರು. ಗಾಳಿಬೆಳಕುಗಳಿಲ್ಲದ ಕೋಣೆಗಳು, ಬೆನ್ನಿಗೆ ಆಸರೆಯಿಲ್ಲದ ಬೆಂಚುಗಳು, ತರಬೇತಿಯಿಲ್ಲದ ಉಪಾಧ್ಯಾಯರು. ಹಣವುಳ್ಳ ವಲಯದಲ್ಲಿ ಒಳ್ಳೆಯ ಶಾಲೆ, ಹಣವಿಲ್ಲದ ವಲಯದಲ್ಲಿ ಹೆಸರಿಗೆ ಮಾತ್ರ ಶಾಲೆ. ತೆರಿಗೆ ಉಳಿಸುವ ಆಸೆಯಿಂದ ಅತ್ಯಂತ ಕಡಮೆ ಸಂಬಳಕ್ಕೆ ಒಪ್ಪುವವರನ್ನೇ ಹುಡುಕುವ ಧರ್ಮದರ್ಶಿಗಳೂ ಇದ್ದರು. ಹೊರೇಸ್ ಮ್ಯಾನ್ ಅವರ ಶ್ರಮದಿಂದ ಉಪಾಧ್ಯಾಯರ ತರಬೇತಿ ಶಾಲೆಗಳು ಹುಟ್ಟಿದವು. ಮೊದಲನೆಯದು 1839ರಲ್ಲಿ ಲೆಕ್ಸಿಂಗ್‌ಟನ್ನಿನಲ್ಲಿ ತೆರೆಯಿತು. ಆದರೆ ಮಗುವಿನ ವಿದ್ಯೆ ಅದು ಹುಟ್ಟಿದ ಊರಿನ ಹಣದ ಚೀಲವನ್ನು ಅವಲಂಬಿಸಿರುವ ಕಷ್ಟ ಅಲ್ಲಿಗೆ ತೀರಲಿಲ್ಲ.

ಇದಕ್ಕಿಂತ ದೊಡ್ಡ ದೋಷವೊಂದಿತ್ತು. ಊರಿನ ಶಾಲೆ ಎಂದಾಗ ಊರಿನವರೆಂದು ಯಾರನ್ನು ಎಣಿಸುತ್ತಿದ್ದರು ಎಂಬ ಪ್ರಶ್ನೆ ಏಳುತ್ತದೆ. ದಕ್ಷಿಣದ ಹಲವು ರಾಜ್ಯಗಳಲ್ಲಿ, ಗುಲಾಮಗಿರಿಯ ಕಾಲದಲ್ಲಿ, ಗುಲಾಮರಿಗೆ ಓದು ಕಲಿಸುವುದೇ ಅಪರಾಧವೆಂದು ಕಾನೂನು ಸಾರಿತ್ತು. 1865ರಲ್ಲಿ ಗುಲಾಮಗಿರಿ ಅಳಿದ ಮೇಲೂ ಆಫ್ರಿಕ ಮೂಲದ ಮಕ್ಕಳಿಗೆ ಬಿಳಿಯರ ಶಾಲೆಯ ಬಾಗಿಲು ಮುಚ್ಚಿಯೇ ಇದ್ದಿತು. ಅವರಿಗೆಂದು ಪ್ರತ್ಯೇಕ ಶಾಲೆಗಳಿದ್ದರೆ ಅವಕ್ಕೆ ಸಲ್ಲುತ್ತಿದ್ದ ಹಣ ಬಿಳಿಯರ ಶಾಲೆಗಳಿಗೆ ಸಲ್ಲುತ್ತಿದ್ದುದರ ಒಂದು ಸಣ್ಣ ಪಾಲು ಮಾತ್ರ. ಆಗ ಆ ಜನರು ತಮ್ಮ ಮಕ್ಕಳಿಗಾಗಿ ತಾವೇ ಎದ್ದು ನಿಂತರು. ಗುಲಾಮನಾಗಿ ಹುಟ್ಟಿ ಟಸ್ಕಿಗಿ ವಿದ್ಯಾಸಂಸ್ಥೆಯ ಮುಖ್ಯಸ್ಥರಾಗಿ ಬೆಳೆದ ಬುಕರ್ ಟಿ. ವಾಷಿಂಗ್‌ಟನ್ ಅವರೂ ಶಿಕಾಗೋ ನಗರದ ವರ್ತಕ ಜೂಲಿಯಸ್ ರೋಸೆನ್‌ವಾಲ್ಡ್ ಅವರೂ 1912ರಲ್ಲಿ ಒಂದು ಯೋಜನೆಯನ್ನು ಆರಂಭಿಸಿದರು. ಹಣದ ಒಂದು ಭಾಗವನ್ನು ರೋಸೆನ್‌ವಾಲ್ಡ್ ಕೊಡುವರು. ಉಳಿದುದನ್ನು ಸರ್ಕಾರವೂ ಊರಿನ ಜನರೂ ಕೂಡಿಸಬೇಕು. ಹತ್ತಿ ಬಿಡಿಸುವ ಕೂಲಿಗಳು ಕಾಸಿಗೆ ಕಾಸು ಕೂಡಿಹಾಕಿದರು. ನೆಲ ಕೊಟ್ಟರು, ದುಡಿಮೆ ಕೊಟ್ಟರು. 1932ರ ವೇಳೆಗೆ ಹದಿನೈದು ರಾಜ್ಯಗಳಲ್ಲಿ ಸುಮಾರು ಐದು ಸಾವಿರ ಶಾಲೆಗಳು ಎದ್ದವು. ಆಫ್ರಿಕ ಮೂಲದ ಜನರು ತಾವಾಗಿ ನೀಡಿದ ಹಣ ನಲವತ್ತು ಲಕ್ಷ ಡಾಲರುಗಳಿಗೂ ಮಿಗಿಲು. ಅದು ರೋಸೆನ್‌ವಾಲ್ಡ್ ನಿಧಿಯಿಂದ ಬಂದುದಕ್ಕಿಂತಲೂ ಹೆಚ್ಚು. ಎಲ್ಲರಂತೆ ತೆರಿಗೆಯನ್ನೂ ತೆತ್ತು, ಅದರ ಮೇಲೆ ಈ ಹಣವನ್ನೂ ಕೊಟ್ಟ ಆ ಬಡಜನರು ವಿದ್ಯೆಗಾಗಿ ಎರಡು ಬಾರಿ ಬೆಲೆ ಕೊಟ್ಟಂತಾಯಿತು.

ಆ 1912ನೆಯ ವರ್ಷದಲ್ಲಿಯೇ ಪೆಡರ್ನೇಲ್ಸ್ ನದಿಯ ದಡದ ಜಂಕ್ಷನ್ ಶಾಲೆಗೆ ನಾಲ್ಕು ವರ್ಷದ ಒಬ್ಬ ಹುಡುಗ ಸೇರಿದನು. ಅವನ ಹೆಸರು ಲಿಂಡನ್ ಜಾನ್ಸನ್. ಅವನ ಮನೆ ಶಾಲೆಗೆ ಹತ್ತಿರದಲ್ಲಿಯೇ ಇದ್ದಿತು. ಮಕ್ಕಳು ಆಡುವ ಸದ್ದು ಕೇಳಿದೊಡನೆ ಅವನು ಮನೆಯಿಂದ ತಪ್ಪಿಸಿಕೊಂಡು ಶಾಲೆಯ ಅಂಗಳಕ್ಕೆ ಓಡಿಬಿಡುತ್ತಿದ್ದನು. ಅವನನ್ನು ಹುಡುಕಿ ಹುಡುಕಿ ದಣಿದ ತಾಯಿ, ವಯಸ್ಸು ಸಾಲದಿದ್ದರೂ ಅವನನ್ನು ಸೇರಿಸಿಕೊಳ್ಳಬೇಕೆಂದು ಉಪಾಧ್ಯಾಯಿನಿಯನ್ನು ಬೇಡಿಕೊಂಡಳು. ಕೇಟ್ ಡೆಡ್ರಿಕ್ ಎಂಬ ಆ ಉಪಾಧ್ಯಾಯಿನಿ ಒಪ್ಪಿದರು. ಪಾಠ ಒಪ್ಪಿಸುವ ಸರದಿ ಬಂದಾಗ ಆ ಪುಟ್ಟ ಹುಡುಗ ಅವರ ತೊಡೆಯ ಮೇಲೆ ಕುಳಿತೇ ಓದುತ್ತಿದ್ದನು. ಎಂಟು ತರಗತಿಗಳ ಹೊರೆಯನ್ನು ಹೊತ್ತ ಆಕೆಗೆ ಒಂದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವಷ್ಟು ತಾಳ್ಮೆಯಿದ್ದಿತು. ಕೆಲವೇ ತಿಂಗಳಲ್ಲಿ ನಾಯಿಕೆಮ್ಮಿನ ರೋಗ ಹರಡಿ ಅವನ ಶಾಲೆ ನಿಂತಿತು. ಮರುವರ್ಷ ಅವನ ಕುಟುಂಬ ಜಾನ್ಸನ್ ಸಿಟಿ ಎಂಬ ಊರಿಗೆ ಹೋಯಿತು. ಜಂಕ್ಷನ್ ಶಾಲೆಯೊಡನೆ ಅವನ ನಂಟು ಕೆಲವೇ ತಿಂಗಳದು. ಆದರೆ ಅದು ಮರೆಯುವಂಥ ನಂಟಾಗಿರಲಿಲ್ಲ.

ಹುಡುಗ ಬೆಳೆದನು. ತಂದೆಯ ಬೇಸಾಯ ಸೋತು ಮನೆ ಸಾಲದಲ್ಲಿ ಮುಳುಗಿತು. ಹೈಸ್ಕೂಲು ಮುಗಿಸಿದ ಮೇಲೆ ಲಿಂಡನ್ ಕೆಲವು ಕಾಲ ರಸ್ತೆ ಕೆಲಸದಲ್ಲಿ ಕೂಲಿ ಮಾಡಿ, ಆಮೇಲೆ ಸ್ಯಾನ್ ಮಾರ್ಕೋಸ್ ಊರಿನ ಉಪಾಧ್ಯಾಯರ ಕಾಲೇಜನ್ನು ಸೇರಿದನು. ವಿದ್ಯಾಭ್ಯಾಸದ ವೆಚ್ಚಕ್ಕೆ ಹಣ ಸಾಲದೆ, 1928ರಲ್ಲಿ ಕಾಲೇಜನ್ನು ಒಂದು ವರ್ಷ ಬಿಟ್ಟು ಕೊಟುಲ್ಲಾ ಎಂಬ ಊರಿನಲ್ಲಿ ಉಪಾಧ್ಯಾಯ ವೃತ್ತಿಯನ್ನು ಹಿಡಿದನು. ಅದು ಮೆಕ್ಸಿಕೋ ಮೂಲದ ಬಡವರ ಮಕ್ಕಳಿಗೆಂದು ಪ್ರತ್ಯೇಕವಾಗಿ ಇಟ್ಟಿದ್ದ ಶಾಲೆ. ಎಷ್ಟೋ ಮಕ್ಕಳು ಬೆಳಗಿನ ತಿಂಡಿಯಿಲ್ಲದೆ ಹಸಿದೇ ಬರುತ್ತಿದ್ದರು. ಜನ ತಮ್ಮನ್ನು ಏಕೆ ಕೀಳಾಗಿ ಕಾಣುತ್ತಾರೆಂಬುದು ಆ ಎಳೆಯರಿಗೆ ತಿಳಿಯದು. ಆದರೆ ಕಾಣುತ್ತಾರೆಂಬುದು ತಿಳಿದಿತ್ತು. ಇಪ್ಪತ್ತು ವರ್ಷದ ಆ ಉಪಾಧ್ಯಾಯ ತನ್ನ ಮೊದಲ ಸಂಬಳದಲ್ಲಿ ಮಕ್ಕಳಿಗೆ ಆಟದ ಸಾಮಾನು ಕೊಂಡು ತಂದನು. ಅವರಿಗೆ ಪಾಠ ಹೇಳಿದುದಲ್ಲದೆ ಶಾಲೆಯ ಜವಾನನಿಗೂ ಇಂಗ್ಲಿಷ್ ಕಲಿಸಿದನು. ವರ್ಷ ಮುಗಿಯಿತು, ಅವನು ಕಾಲೇಜಿಗೆ ಮರಳಿದನು. ಆ ಮಕ್ಕಳ ಮುಖಗಳು ಮಾತ್ರ ಅವನ ಮನಸ್ಸಿನಿಂದ ಮರೆಯಾಗಲಿಲ್ಲ.

ಇತ್ತ ಒಂದು ಕೋಣೆಯ ಶಾಲೆಗಳ ಕಾಲ ಮುಗಿಯುತ್ತ ಬಂದಿತು. ಒಳ್ಳೆಯ ರಸ್ತೆಗಳೂ ಮೋಟಾರು ಬಸ್ಸುಗಳೂ ಬಂದ ಮೇಲೆ ಮಕ್ಕಳನ್ನು ದೂರದ ದೊಡ್ಡ ಶಾಲೆಗೆ ಒಯ್ಯುವುದು ಸುಲಭವಾಯಿತು. ಹತ್ತಾರು ಸಣ್ಣ ಶಾಲೆಗಳನ್ನು ಕೂಡಿಸಿ, ತರಗತಿಗೊಬ್ಬ ಉಪಾಧ್ಯಾಯರೂ ಪ್ರಯೋಗಶಾಲೆಯೂ ಪುಸ್ತಕ ಭಂಡಾರವೂ ಉಳ್ಳ ಒಂದು ಶಾಲೆಯನ್ನು ಮಾಡುವ ನೀತಿ ಎಲ್ಲೆಡೆ ಹಬ್ಬಿತು. 1930ರ ಸುಮಾರಿನಲ್ಲಿ ಅಮೆರಿಕದಲ್ಲಿ ಏಕೋಪಾಧ್ಯಾಯ ಶಾಲೆಗಳು ಸುಮಾರು 1,49,000 ಇದ್ದವು. 1960ರ ವೇಳೆಗೆ ಅವು 20,000ಕ್ಕೆ ಇಳಿದವು. 1971ರಲ್ಲಿ ಎರಡು ಸಾವಿರವೂ ಉಳಿದಿರಲಿಲ್ಲ. ಜಂಕ್ಷನ್ ಶಾಲೆಯೂ 1947ರಲ್ಲಿ ಸ್ಟೋನ್‌ವಾಲಿನ ಶಾಲೆಯಲ್ಲಿ ವಿಲೀನವಾಗಿ ಬಾಗಿಲು ಮುಚ್ಚಿತು. ಮಕ್ಕಳಿಗೆ ಇದರಿಂದ ಲಾಭವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೂ ಶಾಲೆ ಮುಚ್ಚಿದ ಎಷ್ಟೋ ಹಳ್ಳಿಗಳಲ್ಲಿ ಜನ ಒಟ್ಟುಗೂಡುವ ಸ್ಥಳವೇ ಇಲ್ಲವಾಯಿತು. ತಾವೇ ಕಟ್ಟಿದ ಶಾಲೆ ತಮ್ಮ ಕೈಬಿಟ್ಟು ಹೋಗುವುದನ್ನು ಕಂಡು ಮರುಗಿದವರೂ, ಅದನ್ನು ಉಳಿಸಿಕೊಳ್ಳಲು ಹೋರಾಡಿದವರೂ ಉಂಟು.

ಶಾಲೆಗಳು ಒಂದಾದರೂ ಹಳೆಯ ಕಷ್ಟ ಹಾಗೆಯೇ ಉಳಿದಿತ್ತು. ಶಾಲೆಯ ವೆಚ್ಚಕ್ಕೆ ಮುಖ್ಯ ಆಧಾರ ಆಯಾ ವಲಯದ ಆಸ್ತಿಗಳ ಮೇಲಿನ ತೆರಿಗೆಯೇ. ಬಡವರು ಹೆಚ್ಚಾಗಿರುವೆಡೆ ತೆರಿಗೆ ಕಡಮೆ. ತೆರಿಗೆ ಕಡಮೆಯಾದೆಡೆ ಉಪಾಧ್ಯಾಯರು, ಪುಸ್ತಕಗಳು, ಕಟ್ಟಡಗಳು ಎಲ್ಲವೂ ಕಡಮೆ. ಯಾವ ಮಕ್ಕಳಿಗೆ ವಿದ್ಯೆಯ ಆಸರೆ ಅತ್ಯಂತ ಹೆಚ್ಚಾಗಿ ಬೇಕೋ ಅವರಿಗೇ ಅದು ಅತ್ಯಂತ ಕಡಮೆಯಾಗಿ ದೊರೆಯುತ್ತಿತ್ತು. ಬಣ್ಣದ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿ ಇಡುವುದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು 1954ರಲ್ಲಿ ತೀರ್ಪು ನೀಡಿದ್ದರೂ ದಕ್ಷಿಣದ ರಾಜ್ಯಗಳು ಅದನ್ನು ಪಾಲಿಸಲು ಹಿಂಜರಿಯುತ್ತಿದ್ದವು.

ಕೊಟುಲ್ಲಾದ ಉಪಾಧ್ಯಾಯ ರಾಜಕೀಯವನ್ನು ಪ್ರವೇಶಿಸಿ, 1963ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರಾದರು. 1965ರ ಮಾರ್ಚಿಯಲ್ಲಿ ಮತದಾನದ ಹಕ್ಕನ್ನು ಕುರಿತು ಸಂಸತ್ತಿನ ಮುಂದೆ ಮಾತನಾಡುವಾಗ, ತಾವು ಪಾಠ ಹೇಳಿದ ಹಸಿದ ಮಕ್ಕಳನ್ನು ಅವರು ನೆನೆದರು. ಅಂದು ತಮ್ಮಿಂದ ಆಗದಿದ್ದುದನ್ನು ಮಾಡುವ ಅವಕಾಶ ಇಂದು ತಮಗೆ ಒದಗಿದೆಯೆಂದರು. ಅದೇ ವರ್ಷದ ಜನವರಿಯಲ್ಲಿ ಅವರ ಸರ್ಕಾರ ಶಿಕ್ಷಣದ ಮಸೂದೆಯೊಂದನ್ನು ಮುಂದಿಟ್ಟಿತ್ತು. ಏಪ್ರಿಲ್ 9ರಂದು ಅದಕ್ಕೆ ಸಂಸತ್ತಿನ ಅಂತಿಮ ಒಪ್ಪಿಗೆ ದೊರೆಯಿತು. ಅದೇ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಶಾಸನ.

ಇಂಥ ಶಾಸನಗಳಿಗೆ ಸಹಿ ಹಾಕುವ ಸಮಾರಂಭ ಸಾಮಾನ್ಯವಾಗಿ ರಾಜಧಾನಿಯಲ್ಲಿ ನಡೆಯುತ್ತದೆ. ಆದರೆ ಜಾನ್ಸನ್ ಅವರು ಅದಕ್ಕೆ ಆರಿಸಿದ ಸ್ಥಳ ಬೇರೆ. 1965ರ ಏಪ್ರಿಲ್ 11, ಭಾನುವಾರ. ಹದಿನೆಂಟು ವರ್ಷಗಳ ಹಿಂದೆ ಮುಚ್ಚಿಹೋಗಿದ್ದ ಜಂಕ್ಷನ್ ಶಾಲೆಯ ಮುಂದಿನ ಬಯಲಿನಲ್ಲಿ ಒಂದು ಮೇಜನ್ನು ಹಾಕಿದರು. ಕೊಟುಲ್ಲಾದ ಅವರ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಬಂದು ಕುಳಿತಿದ್ದರು. ಅಧ್ಯಕ್ಷರ ಪಕ್ಕದಲ್ಲಿ ಒಬ್ಬ ವೃದ್ಧ ಮಹಿಳೆ ಆಸೀನರಾಗಿದ್ದರು. ಅವರೇ ಐವತ್ತಮೂರು ವರ್ಷಗಳ ಹಿಂದೆ ಒಬ್ಬ ಪುಟ್ಟ ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದಿಸಿದ ಕೇಟ್ ಡೆಡ್ರಿಕ್. ದೂರದ ಕ್ಯಾಲಿಫೋರ್ನಿಯದಿಂದ ಅವರನ್ನು ಆ ದಿನಕ್ಕೆಂದೇ ಕರೆಸಲಾಗಿತ್ತು. ತಮ್ಮ ಮೊದಲ ಗುರುವಿನ ಸಮ್ಮುಖದಲ್ಲಿ ಅಧ್ಯಕ್ಷರು ಶಾಸನಕ್ಕೆ ಸಹಿ ಹಾಕಿದರು.

ಆ ಶಾಸನದ ತಿರುಳು ಸರಳವಾದುದು. ವರ್ಷಕ್ಕೆ ಎರಡು ಸಾವಿರ ಡಾಲರುಗಳಿಗಿಂತ ಕಡಮೆ ವರಮಾನವುಳ್ಳ ಕುಟುಂಬಗಳ ಮಕ್ಕಳು ಎಲ್ಲಿ ಎಷ್ಟು ಮಂದಿ ಇದ್ದಾರೆಂದು ಎಣಿಸಿ, ಅದಕ್ಕೆ ತಕ್ಕಂತೆ ಕೇಂದ್ರ ಸರ್ಕಾರದ ಹಣ ಆಯಾ ವಲಯದ ಶಾಲೆಗಳಿಗೆ ಹೋಗಬೇಕು. ಮೊದಲ ವರ್ಷ ಇದಕ್ಕೆ ಗೊತ್ತುಮಾಡಿದ ಮೊತ್ತ ನೂರು ಕೋಟಿ ಡಾಲರುಗಳಿಗೂ ಹೆಚ್ಚು. ಶಾಲೆಯ ಪುಸ್ತಕ ಭಂಡಾರಗಳಿಗಾಗಿಯೂ ಪ್ರತ್ಯೇಕವಾಗಿ ಹಣವಿಟ್ಟರು. ವರ್ಣಭೇದ ಮಾಡುವ ಸಂಸ್ಥೆಗೆ ಕೇಂದ್ರದ ಹಣ ಸಲ್ಲದೆಂದು 1964ರ ನಾಗರಿಕ ಹಕ್ಕುಗಳ ಶಾಸನ ವಿಧಿಸಿದ್ದುದರಿಂದ, ಈ ಹಣ ಬೇಕಾದರೆ ದಕ್ಷಿಣದ ಶಾಲೆಗಳು ತಮ್ಮ ಬಾಗಿಲನ್ನು ಎಲ್ಲ ಮಕ್ಕಳಿಗೂ ತೆರೆಯಬೇಕಾಯಿತು. ಒಂದು ಕೋಣೆಯ ಶಾಲೆಯ ಎರಡು ಹಳೆಯ ದೋಷಗಳಿಗೆ ಆ ಶಾಲೆಯ ಅಂಗಳದಲ್ಲಿಯೇ ಮದ್ದು ಅರೆಯುವ ಪ್ರಯತ್ನ ನಡೆಯಿತು.

ಮದ್ದು ಕೊಟ್ಟೊಡನೆ ರೋಗವೆಲ್ಲ ಗುಣವಾಯಿತೆಂದು ಹೇಳುವಂತಿಲ್ಲ. ಇಂದಿಗೂ ಅಮೆರಿಕದ ಶಾಲೆಗಳಿಗೆ ಸ್ಥಳೀಯ ಆಸ್ತಿ ತೆರಿಗೆ ಒಂದು ದೊಡ್ಡ ಆಧಾರವಾಗಿಯೇ ಉಳಿದಿದೆ. ಸಿರಿವಂತ ವಲಯಕ್ಕೂ ಬಡ ವಲಯಕ್ಕೂ ಇರುವ ಅಂತರ ಪೂರ್ತಿಯಾಗಿ ಅಳಿದಿಲ್ಲ. ಆದರೂ ಬಡ ಮಗುವಿನ ವಿದ್ಯೆ ಅದರ ಊರಿನ ಹೊಣೆ ಮಾತ್ರವಲ್ಲ, ಇಡೀ ದೇಶದ ಹೊಣೆ ಎಂಬ ತತ್ತ್ವ ಅಂದು ಕಾನೂನಿನಲ್ಲಿ ನೆಲೆಗೊಂಡಿತು. ಆ ಶಾಸನವನ್ನು ಅನಂತರ ಹಲವು ಬಾರಿ ತಿದ್ದಿದ್ದಾರೆ. 2015ರಲ್ಲಿ ಹೊಸ ಹೆಸರಿನಿಂದ ಪುನಃ ರೂಪಿಸಿದ್ದಾರೆ. ಬಡ ಮಕ್ಕಳ ಪಾಲು ಮಾತ್ರ ಅದರಲ್ಲಿ ಉಳಿದುಕೊಂಡು ಬಂದಿದೆ.

ಜಾನ್ಸನ್ ಅವರು 1973ರಲ್ಲಿ ತೀರಿಕೊಂಡರು. ಅದೇ ಪೆಡರ್ನೇಲ್ಸ್ ನದಿಯ ದಡದಲ್ಲಿ, ತಮ್ಮ ಕುಟುಂಬದ ರುದ್ರಭೂಮಿಯಲ್ಲಿ ಅವರು ಮಣ್ಣಾದರು. ಸಮೀಪದಲ್ಲಿಯೇ ಜಂಕ್ಷನ್ ಶಾಲೆಯ ಪುಟ್ಟ ಕಟ್ಟಡ ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ಭಾಗವಾಗಿ ರಕ್ಷಿತವಾಗಿದೆ. ಅಲ್ಲಿ ಈಗ ಗಂಟೆ ಬಾರಿಸುವವರಿಲ್ಲ, ಪಾಠ ಒಪ್ಪಿಸುವ ಮಕ್ಕಳಿಲ್ಲ. ಆ ಕಟ್ಟಡವನ್ನು ನೋಡಲು ಬರುವವರು ಅಧ್ಯಕ್ಷರೊಬ್ಬರು ಓದಿದ ಶಾಲೆಯೆಂದು ಬರುತ್ತಾರೆ. ಅಲ್ಲಿ ಓದಿ ಹೋದ ಉಳಿದ ಮಕ್ಕಳಲ್ಲಿ ಬಹುಮಂದಿಯ ಹೆಸರನ್ನು ಚರಿತ್ರೆ ಬರೆದಿಟ್ಟಿಲ್ಲ. ಆದರೆ ನೆಲ ಬಿಟ್ಟುಕೊಟ್ಟ ರೈತರೂ, ಸೌದೆ ಹೊತ್ತು ತಂದ ಮಕ್ಕಳೂ, ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಒಲೆ ಹಚ್ಚಿದ ಉಪಾಧ್ಯಾಯಿನಿಯರೂ ಇಂಥ ಸಾವಿರಾರು ಶಾಲೆಗಳನ್ನು ನಡೆಸಿದರು. ಶಾಲೆ ದೊಡ್ಡದಾಗುವುದು ಗೋಡೆಗಳಿಂದಲ್ಲ. ಅದರ ಬಾಗಿಲು ಎಷ್ಟು ಮಕ್ಕಳಿಗೆ ತೆರೆದಿದೆ ಎಂಬುದರಿಂದ.

ಅಭ್ಯಾಸ

ಪದಗಳ ಅರ್ಥ

ವಸಾಹತು – ಪರದೇಶದವರು ಬಂದು ನೆಲಸಿ ಆಳುವ ಪ್ರದೇಶ
ವಲಯ – ಎಲ್ಲೆ ಗೊತ್ತಾದ ಪ್ರದೇಶ
ವಾರಾನ್ನ – ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಸಿಗುವ ಊಟ
ವಾಚಕ – ಓದುವ ಪಾಠಗಳ ಪುಸ್ತಕ
ವಿಲೀನ – ಇನ್ನೊಂದರಲ್ಲಿ ಕೂಡಿ ಒಂದಾದುದು
ಮಸೂದೆ – ಶಾಸನವಾಗುವ ಮುನ್ನಿನ ಕರಡು

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿ.
1. 1647ರ ಶಾಸನ ಐವತ್ತು ಮನೆಗಳಿರುವ ಊರಿಗೆ ಏನನ್ನು ವಿಧಿಸಿತು?
2. ಹೊಸ ಭೂಮಿಯಲ್ಲಿ ಶಾಲೆಗಳಿಗಾಗಿ ಎಷ್ಟು ನೆಲವನ್ನು ಮೀಸಲಿಟ್ಟರು?
3. ಜಂಕ್ಷನ್ ಶಾಲೆ ಯಾವ ವರ್ಷ ಮುಚ್ಚಿತು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
1. ಒಬ್ಬರೇ ಉಪಾಧ್ಯಾಯರು ಎಂಟು ತರಗತಿಗಳಿಗೆ ಪಾಠ ಹೇಳುತ್ತಿದ್ದ ಬಗೆಯನ್ನು ವಿವರಿಸಿ.
2. ಆಫ್ರಿಕ ಮೂಲದ ಬಡಜನರು ವಿದ್ಯೆಗಾಗಿ ಎರಡು ಬಾರಿ ಬೆಲೆ ಕೊಟ್ಟರೆಂದು ಏಕೆ ಹೇಳಿದೆ?
3. ಕೊಟುಲ್ಲಾದ ಶಾಲೆಯಲ್ಲಿ ಜಾನ್ಸನ್ ಕಂಡ ಮಕ್ಕಳ ಸ್ಥಿತಿ ಎಂಥದು?

ಇ. ಹತ್ತು ವಾಕ್ಯಗಳಲ್ಲಿ ಉತ್ತರಿಸಿ.
1. ಊರಿನ ಕೈಯಲ್ಲಿದ್ದುದು ಶಾಲೆಯ ಬಲವೂ ಹೌದು, ದೌರ್ಬಲ್ಯವೂ ಹೌದು ಎಂಬ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿ.
2. 1965ರ ಶಾಸನಕ್ಕೆ ಸಹಿ ಹಾಕಲು ಜಂಕ್ಷನ್ ಶಾಲೆಯ ಅಂಗಳವನ್ನು ಆರಿಸಿದುದರ ಔಚಿತ್ಯವನ್ನು ತಿಳಿಸಿ.

ಈ. ಮಾಡಿ ನೋಡಿ.
ನಿಮ್ಮ ಊರಿನ ಶಾಲೆ ಯಾವಾಗ ಆರಂಭವಾಯಿತು, ಅದಕ್ಕೆ ನೆಲವನ್ನೂ ದುಡಿಮೆಯನ್ನೂ ಕೊಟ್ಟವರು ಯಾರು ಎಂಬುದನ್ನು ಹಿರಿ��ರಿಂದ ಕೇಳಿ ತಿಳಿದು ಒಂದು ಪುಟದಷ್ಟು ಬರೆಯಿರಿ.